ಕಾಲು ತೆಗೆಸಿದ ನಾಯಿ ಮನೆಗೆ ಬಂದಿದೆ, ಮುಂದೇನು?

ಹೋದ ತಿಂಗಳು ಇದೇ ಅಂಕಣದಲ್ಲಿ ನಮ್ಮ ಗುಂಡನ ವಿಷಯ ನಾಲ್ಕು ಸಾಲು ಬರೆದಿದ್ದೆ. ಲಾರಿಗೆ ಸಿಕ್ಕಿ ಬಲಗಡೆಯ ಹಿಂಗಾಲು ಕಳೆದುಕೊಂಡು, ಆಮೇಲೆ ಒಂಬತ್ತು ವರ್ಷ ಮೂರೇ ಕಾಲಲ್ಲಿ ಊರೆಲ್ಲ ಸುತ್ತಿದ ನಾಯಿ ಅವನು. ಬರೆದಿದ್ದೇ ತಡ, ಪತ್ರಗಳು ಬಂದವು ನೋಡಿ. ದನ, ಕುರಿ, ಕೋಳಿಯ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟು ಈ ಸಲದ ಜಾಗವನ್ನು ಪೂರ್ತಿ ಮೂರು ಕಾಲಿನವರಿಗೇ ಬಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಮಾಡಿದ ಡಾಕ್ಟರು ನಿಮ್ಮ ನಾಯಿಯನ್ನು ಕಣ್ಣಾರೆ ನೋಡಿದ್ದಾರೆ, ನಾನು ನೋಡಿಲ್ಲ. ಅವರು ಹೇಳಿದ್ದಕ್ಕೂ ನಾನು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಕರಿಯ ನಾಟಿ ನಾಯಿ, ನಾಲ್ಕು ವರ್ಷ. ತೋಟದ ಬೇಲಿಯಲ್ಲಿ ಹಂದಿಗೆ ಯಾರೋ ಇಟ್ಟಿದ್ದ ಉರುಳಿಗೆ ಎಡಗಡೆ ಹಿಂಗಾಲು ಸಿಕ್ಕಿಕೊಂಡು ಎರಡು ದಿನ ಅಲ್ಲೇ ಇದ್ದ. ಪಾದ ಕಪ್ಪಾಗಿಬಿಟ್ಟಿತ್ತು. ಕಾಲು ತೆಗೆದು ಇವತ್ತಿಗೆ ಐದು ದಿನ. ಮನೆಗೆ ಕರೆತಂದಿದ್ದೇವೆ. ಕಾವಿ ನೆಲದಲ್ಲಿ ಎದ್ದು ನಿಂತರೆ ಜಾರಿ ಬೀಳುತ್ತಾನೆ. ಬಟ್ಟಲಿನ ಅನ್ನ ಮುಟ್ಟುವುದಿಲ್ಲ, ಕೈಯಲ್ಲಿ ಕೊಟ್ಟರೆ ಎರಡು ತುತ್ತು ತಿನ್ನುತ್ತಾನೆ. ಕಕ್ಕ ಮಾಡಿಲ್ಲ. ಅತ್ತೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾರೆ. ಇವರು, ಹೀಗೆ ನರಳಿಸುವ ಬದಲು ಇಂಜೆಕ್ಷನ್ ಕೊಡಿಸಿ ಕಳಿಸಿಬಿಡಬೇಕಿತ್ತು ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. — ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಮೊದಲು ನೀವು ಸ್ವಲ್ಪ ಮಲಗಿ ಅಮ್ಮಾ. ನೀವು ಬರೆದಿರುವುದರಲ್ಲಿ ಗಾಬರಿಯಾಗುವಂಥದ್ದು ನನಗೆ ಒಂದೂ ಕಾಣಲಿಲ್ಲ. ಸರಿಮಾಡಬೇಕಾದದ್ದು ಮೂರ್ನಾಲ್ಕು ಇವೆ, ಅವು ಹೆಚ್ಚಿನವು ಕರಿಯನಲ್ಲಿಲ್ಲ, ನಿಮ್ಮ ಮನೆಯ ನೆಲದಲ್ಲಿವೆ.

ಕಾವಿ ನೆಲ ನಮಗೆ ಚೆಂದ, ತಂಪು. ನಾಯಿಗೆ ಅದು ಎಣ್ಣೆ ಸವರಿದ ಬಂಡೆ. ನಾಲ್ಕು ಕಾಲಿದ್ದಾಗ ಒಂದು ಜಾರಿದರೆ ಇನ್ನು ಮೂರು ಹಿಡಿದುಕೊಳ್ಳುತ್ತಿದ್ದವು. ಈಗ ಹಿಂದೆ ಇರುವುದೇ ಒಂದು. ಅದು ಜಾರಿದರೆ ಸೊಂಟ ನೇರವಾಗಿ ನೆಲಕ್ಕೆ, ಹೊಲಿಗೆಯ ಮೇಲೆ. ಎರಡು ಸಲ ಹಾಗೆ ಬಿದ್ದ ನಾಯಿ ಮೂರನೇ ಸಲ ಏಳುವುದೇ ಇಲ್ಲ, ನೋವಿಗಿಂತ ಹೆದರಿಕೆಗೆ. ನೋಡಿದವರು 'ಪಾಪ, ನಡೆಯೋಕೇ ಆಗಲ್ಲ' ಅನ್ನುತ್ತಾರೆ. ಅದೇ ನಾಯಿಯನ್ನು ಅಂಗಳದ ಮಣ್ಣಿಗೆ ಬಿಟ್ಟರೆ ನಾಲ್ಕು ಹೆಜ್ಜೆ ಕುಪ್ಪಳಿಸಿಬಿಡುತ್ತದೆ. ಬೇಕಾದರೆ ಇವತ್ತೇ ಹಿಡಿದುಕೊಂಡು ಪರೀಕ್ಷೆ ಮಾಡಿ.

ಬರೀ ಗೋಣಿಚೀಲ ಹಾಸಬೇಡಿ, ಕಾವಿ ನೆಲದಲ್ಲಿ ಚೀಲವೇ ಜಾರುತ್ತದೆ. ನಿಮ್ಮ ಕಡೆ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಇರುತ್ತದಲ್ಲ, ದಪ್ಪದ್ದು, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಳೆಯದಾದರೂ ಪರವಾಗಿಲ್ಲ, ಸೋಪು ಹಾಕಿ ತಿಕ್ಕಿ ತೊಳೆದು ಬಿಸಿಲು ಕಾಣಿಸಿ. ಅವನು ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿ ಮಾಡಿದರೆ ಸಾಕು, ಮನೆಯೆಲ್ಲ ಮುಚ್ಚಬೇಕಿಲ್ಲ. ಉಳಿದ ಮೂರು ಪಾದಗಳ ಉಗುರು ನೋಡಿ. ನೆಲಕ್ಕೆ ಟಕಟಕ ಸದ್ದು ಬಂದರೆ ಉದ್ದ ಆಗಿವೆ ಅಂತ ಅರ್ಥ, ಕತ್ತರಿಸಬೇಕು. ಬೆರಳ ಸಂದಿಯಲ್ಲಿ ಕೂದಲು ಬೆಳೆದಿದ್ದರೆ ಅದನ್ನೂ ತೆಗೆಯಿರಿ. ಪಾದದ ಮೆತ್ತೆ ನೆಲ ಮುಟ್ಟಿದರೆ ತಾನೇ ಹಿಡಿತ ಸಿಗುವುದು?

ಹೊರಗೆ ಕರೆದೊಯ್ಯುವಾಗ ಒಂದು ಹಳೇ ಟವೆಲ್ಲೋ ಪಂಚೆಯ ತುಂಡೋ ಮಡಚಿ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದುಗಡೆ ಹಾಕಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಗಂಡು ನಾಯಿ ಅಲ್ವಾ, ಉಚ್ಚೆಯ ಜಾಗ ಬಟ್ಟೆಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಬಕೆಟ್ ಎತ್ತಿದ ಹಾಗೆ ಎತ್ತಬೇಡಿ. ಅವನ ತೂಕ ಅವನೇ ಹೊರಲಿ, ಓಲಾಡಿದಾಗ ಬೀಳದಂತೆ ತಡೆಯುವುದಷ್ಟೇ ನಿಮ್ಮ ಕೆಲಸ. ಒಂದು ವಾರ, ಹತ್ತು ದಿನದಲ್ಲಿ ಆ ಟವೆಲ್ ಬೇಡವಾಗುತ್ತದೆ.

ಇನ್ನು ಊಟ. ಕೈಯಲ್ಲಿ ಕೊಟ್ಟರೆ ತಿನ್ನುತ್ತಾನೆ, ಬಟ್ಟಲಲ್ಲಿಟ್ಟರೆ ಮುಟ್ಟಲ್ಲ ಅಂದಿದ್ದೀರಿ. ಗಾಯ ನೆಕ್ಕದಿರಲಿ ಅಂತ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿದ್ದೀರಿ, ಅಲ್ವಾ? ಅವನು ಬಗ್ಗಿದ ತಕ್ಷಣ ಕೋನಿನ ಅಂಚು ನೆಲಕ್ಕೆ ಹೊಡೆಯುತ್ತದೆ, ಬಾಯಿ ಬಟ್ಟಲಿಗೆ ತಲುಪುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ 'ಊಟ ಬಿಟ್ಟಿದೆ' ಅನ್ನುವ ನಾಯಿಯ ಕಥೆ ಇಷ್ಟೇ. ಕೋನಿನ ಬಾಯಿಗಿಂತ ಚಿಕ್ಕ ಬಟ್ಟಲು ತಗೊಂಡು, ಒಂದು ಚೊಂಬನ್ನೋ ಡಬ್ಬಿಯನ್ನೋ ಕವುಚಿ ಹಾಕಿ ಅದರ ಮೇಲಿಡಿ. ಕೋನು ಬಟ್ಟಲಿನ ಸುತ್ತ ಇಳಿಯುತ್ತದೆ, ಬಾಯಿ ಒಳಗೆ ಹೋಗುತ್ತದೆ. ಅನ್ನ ಉಗುರುಬೆಚ್ಚಗಿರಲಿ, ಬಿಸಿಗೆ ವಾಸನೆ ಏಳುತ್ತದೆ. ಕೋಳಿ ಬೇಯಿಸಿದ ನೀರು ಸೇರಿಸಿ, ಒಂದು ಬೆಂದ ಮೊಟ್ಟೆ ಹಿಸುಕಿ ಹಾಕಿ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಮಾತ್ರ ಬೇಡ. ನಮ್ಮ ಸಾರಿನ ಅನ್ನ ನಾಯಿಗೆ ಹಾಕುವವರಿಗೆ ಗೊತ್ತಿರಲಿ, ಈರುಳ್ಳಿ ಜಾಸ್ತಿಯಾದರೆ ನಾಯಿಯ ರಕ್ತಕಣಗಳು ಒಡೆಯುತ್ತವೆ. ಆಪರೇಷನ್‌ನಲ್ಲಿ ರಕ್ತ ಹೋಗಿರುವ ನಾಯಿಗೆ ಅದು ಇನ್ನೂ ಕೆಟ್ಟದ್ದು. ಇಷ್ಟು ಮಾಡಿದ ಮೇಲೂ ಒಂದು ದಿನ ಪೂರ್ತಿ ಏನೂ ಮುಟ್ಟಲಿಲ್ಲ, ನೀರನ್ನೂ ಕುಡಿಯಲಿಲ್ಲ ಎಂದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಕಕ್ಕ ತಡವಾಗಿರುವುದಕ್ಕೆ ಕಾರಣ ಒಂದಲ್ಲ. ಆಪರೇಷನ್ ಹಿಂದಿನ ರಾತ್ರಿಯಿಂದ ಊಟವಿಲ್ಲ, ಅರಿವಳಿಕೆ ಮತ್ತು ಕೆಲವು ನೋವಿನ ಔಷಧಿಗಳಿಂದ ಕರುಳು ನಿಧಾನ ಆಗುತ್ತದೆ, ಮತ್ತೆ ಒಂದೇ ಹಿಂಗಾಲಲ್ಲಿ ಕುಕ್ಕರುಗಾಲು ಹಾಕುವುದು ಅಂದರೆ ನೀವೇ ಒಂದು ಸಲ ಪ್ರಯತ್ನಿಸಿ ನೋಡಿ. ಮೂರು ದಿನ, ಐದು ದಿನ ಆಗುವುದು ಸಾಮಾನ್ಯ. ಬೇಯಿಸಿದ ಸಿಹಿಗುಂಬಳಕಾಯಿ ಎರಡು ಚಮಚ ಅನ್ನಕ್ಕೆ ಕಲಸಿ. ಟವೆಲ್ಲಲ್ಲಿ ಹಿಡಿದುಕೊಂಡು ಅವನ ಮಾಮೂಲಿ ಜಾಗಕ್ಕೇ ಕರೆದುಕೊಂಡು ಹೋಗಿ, ಅವಸರ ಮಾಡದೆ ನಿಂತುಕೊಳ್ಳಿ. ಇನ್ನೆರಡು ದಿನದಲ್ಲೂ ಆಗದಿದ್ದರೆ, ಮುಕ್ಕಿ ಮುಕ್ಕಿ ಸುಸ್ತಾಗುತ್ತಿದ್ದರೆ, ವಾಂತಿ ಮಾಡಿದರೆ ತೋರಿಸಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅರಿಶಿನವನ್ನು ಅಡುಗೆಗೇ ಇಟ್ಟುಕೊಳ್ಳಲು ಹೇಳಿ. ಹೊಲಿಗೆ ಹಾಕಿದ ಗಾಯ ಒಣಗಿರಬೇಕು. ಎಣ್ಣೆ ಹಚ್ಚಿದರೆ ಧೂಳು, ಕೂದಲು ಅಂಟುತ್ತದೆ, ಜೊತೆಗೆ 'ಇಲ್ಲೇನೋ ನೆಕ್ಕುವಂಥದ್ದಿದೆ' ಅಂತ ನಾಯಿಗೆ ನಾವೇ ಕರೆದು ಹೇಳಿದ ಹಾಗೆ. ಬೇವಿನೆಣ್ಣೆ, ಸುಣ್ಣ, ಸೀಮೆಎಣ್ಣೆ ಯಾವುದೂ ಬೇಡ. ಡಾಕ್ಟರು ಕೊಟ್ಟ ಸ್ಪ್ರೇ ಇದ್ದರೆ ಅಷ್ಟೇ. ಮಳೆಗಾಲದಲ್ಲಿ ನಿಮ್ಮ ಕಡೆ ದೊಡ್ಡ ಭಯ ನೊಣದ್ದು. ಒದ್ದೆ ಗಾಯಕ್ಕೆ ಒಂದು ನೊಣ ಕೂತು ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ. ಹಾಗಾಗಿ ಹೊಲಿಗೆ ಬಿಚ್ಚುವವರೆಗೆ ಜಗಲಿಯಲ್ಲೂ ಬೇಡ, ಒಳಗೇ ಮಲಗಲಿ. ದಿನಕ್ಕೆ ಎರಡು ಸಲ ಬೆಳಕಿನಲ್ಲಿ ಗಾಯ ನೋಡಿ. ಮೊಬೈಲಲ್ಲಿ ದಿನಾ ಒಂದು ಫೋಟೋ ತೆಗೆದಿಟ್ಟರೆ ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಅಂತ ಜಗಳ ಇರುವುದಿಲ್ಲ.

ಕೋನ್ ವಿಷಯದಲ್ಲಿ ಮಾತ್ರ ಕರುಣೆ ತೋರಿಸಬೇಡಿ. ನಾನು ತೋರಿಸಿ ಕೆಟ್ಟಿದ್ದೇನೆ. ಗುಂಡನದ್ದು ಎಂಟನೇ ರಾತ್ರಿ, 'ಪಾಪ, ಒಂದು ರಾತ್ರಿ ನೆಮ್ಮದಿಯಾಗಿ ಮಲಗಲಿ' ಅಂತ ನಾನೇ ಬಿಚ್ಚಿಟ್ಟೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ನಾಲ್ಕು ಹೊಲಿಗೆ ಇಲ್ಲ, ಗಾಯ ಬಾಯಿ ಬಿಟ್ಟಿದೆ, ಅವನು ಬಾಲ ಆಡಿಸುತ್ತಿದ್ದಾನೆ. ಪಶುವೈದ್ಯನ ಮನೆಯ ನಾಯಿಗೇ ಹೀಗಾಯಿತು ಅಂತ ಹೆಂಡತಿ ಈಗಲೂ ಹಂಗಿಸುತ್ತಾಳೆ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎನ್ನುವುದು ಸುಳ್ಳು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ. ಅಲ್ಲಿಯವರೆಗೆ ಕೋನ್ ಕುತ್ತಿಗೆಯಲ್ಲೇ ಇರಲಿ.

ಮಾತ್ರೆಗಳು: ಕೊಟ್ಟಿರುವುದು ಮೆಲಾಕ್ಸಿಕ್ಯಾಮ್ ಥರದ ನೋವಿನ ಮಾತ್ರೆಯಾದರೆ ಊಟದ ಜೊತೆಗೇ ಕೊಡಿ. ವಾಂತಿ ಶುರುವಾದರೆ, ಕಕ್ಕ ಟಾರಿನ ಹಾಗೆ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಿ. 'ಆರಾಮಾಗಿದ್ದಾನೆ' ಅಂತ ನೀವೇ ನಡುವೆ ನಿಲ್ಲಿಸಬೇಡಿ, ಆರಾಮಾಗಿರುವುದು ಮಾತ್ರೆಯಿಂದ. ಮುಗಿದುಹೋದರೆ ಮನೆಯಲ್ಲಿರುವ ಜ್ವರದ ಮಾತ್ರೆ, ಮೈಕೈ ನೋವಿನ ಮಾತ್ರೆ ಕೊಡುವ ಕೆಲಸವಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟು ಕಿಡ್ನಿಯನ್ನೋ ಲಿವರನ್ನೋ ಹಾಳುಮಾಡಿಕೊಂಡು ಬಂದ ನಾಯಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಗೆ ಯಜಮಾನರ ಮಾತು. ಅವರು ಕೆಟ್ಟವರಲ್ಲ, ನೋಡಲಾಗದೆ ಹಾಗಂದಿದ್ದಾರೆ. ಕಾಲು ಕಳೆದುಕೊಂಡ ಮನುಷ್ಯನಿಗೆ ನಾಳೆ ಕೆಲಸ ಹೇಗೆ, ಜನ ಏನಂದುಕೊಳ್ಳುತ್ತಾರೆ ಅಂತ ನೂರು ಯೋಚನೆ. ಕರಿಯನಿಗೆ ಇರುವುದು ನೋವು, ಜಾರುವ ನೆಲ, ಕೈಗೆ ಸಿಗದ ಬಟ್ಟಲು. ಮೂರಕ್ಕೂ ಉಪಾಯ ಇದೆ. ಆ ಪಾದ ಕೊಳೆಯುತ್ತಿದ್ದಾಗ ಇದ್ದ ನೋವಿನ ಮುಂದೆ ಈಗಿನದು ಎಷ್ಟೋ ಕಡಿಮೆ. ಒಂದು ತಿಂಗಳು ಕಳೆದ ಮೇಲೆ ಯಜಮಾನರಿಂದಲೇ ನನಗೊಂದು ಪತ್ರ ಬರೆಸಿ.

ಹಾಂ, ಆ ಉರುಳು. ಬೈಕಿನ ಕ್ಲಚ್ ವೈರಲ್ಲಿ ಮಾಡಿಟ್ಟಿರುತ್ತಾರೆ. ಅದಕ್ಕೆ ಹಂದಿಯೊಂದೇ ಅಲ್ಲ, ನಾಯಿ, ಚಿರತೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಅದೇ ಬೇಲಿಯಲ್ಲಿ ಇನ್ನೊಂದು ಇದೆಯಾ ಅಂತ ಒಮ್ಮೆ ನಡೆದು ನೋಡಿ, ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಸುಮ್ಮನೆ ಬಿಟ್ಟರೆ ಉಳಿದ ಮೂರು ಕಾಲಿಗೂ ಅದೇ ಗತಿ.

ಪ್ರಶ್ನೆ: ಸರ್, ಹೊಲಿಗೆಯ ಕೆಳಗೆ ನೀರು ತುಂಬಿದ ಬಲೂನಿನ ಹಾಗೆ ಊದಿಕೊಂಡಿದೆ. ಪಕ್ಕದ ಮನೆಯವರು ಸೂಜಿ ಚುಚ್ಚಿ ನೀರು ತೆಗೆದುಬಿಡಿ ಅನ್ನುತ್ತಾರೆ. ಹೊಟ್ಟೆಯ ಮೇಲೆ ನೇರಳೆ ಬಣ್ಣ ಬಂದಿದೆ. — ಹುಬ್ಬಳ್ಳಿ

ಉತ್ತರ: ಪಕ್ಕದ ಮನೆಯವರ ಕೈಗೆ ಸೂಜಿ ಕೊಡಬೇಡಿ. ಒಳಗೆ ಮಾಂಸದ ದೊಡ್ಡ ಭಾಗ ತೆಗೆದಿರುವ ಕಡೆ ಖಾಲಿ ಜಾಗ ಉಳಿದಿರುತ್ತದೆ, ಅಲ್ಲಿ ತಿಳಿನೀರು ಸೇರುತ್ತದೆ. ಮೆತ್ತಗಿದ್ದು, ಬಿಸಿ ಇಲ್ಲದೆ, ಮುಟ್ಟಿದರೆ ನಾಯಿ ಸುಮ್ನೆ ಇದ್ದರೆ ಅದು ತಾನಾಗಿ ಎರಡು ಮೂರು ವಾರದಲ್ಲಿ ಇಂಗುತ್ತದೆ. ಚುಚ್ಚಿದರೆ ಹೊರಗಿನ ಕೊಳೆ ಒಳಗೆ ಹೋಗಿ ಕೀವಾಗುತ್ತದೆ, ಆಗ ನಿಜವಾದ ತೊಂದರೆ ಶುರು. ಡಾಕ್ಟರಿಗೆ ಒಂದು ಸಲ ತೋರಿಸಿ, ತೀರಾ ದೊಡ್ಡದಾಗಿದ್ದರೆ ಏನು ಮಾಡಬೇಕೆಂದು ಅವರೇ ನೋಡುತ್ತಾರೆ. ಇಂಥ ನೀರು ಹೆಚ್ಚಾಗಿ ಸೇರುವುದು ಜಾಸ್ತಿ ಓಡಾಡಿದ ನಾಯಿಗಳಲ್ಲಿ. ನಿಮ್ಮ ನಾಯಿ ಸೋಫಾ ಹತ್ತಿ ಇಳಿಯುತ್ತಿದೆ ಅಂತ ನನ್ನ ಅನುಮಾನ.

ನೇರಳೆ ಬಣ್ಣ ಒಳಗಿನ ರಕ್ತಗಂದು. ಅದು ಕೆಳಕ್ಕಿಳಿದು ಹೊಟ್ಟೆಗೆ ಬರುತ್ತದೆ, ಆಮೇಲೆ ಹಳದಿಯಾಗಿ ಹೋಗುತ್ತದೆ. ಹೆದರಬೇಕಾದದ್ದು ಬೇರೆ: ಊತ ಬಿಸಿಯಾಗಿ ಕೆಂಪಾದರೆ, ವಾಸನೆ ಬಂದರೆ, ಕೀವು ಒಸರಿದರೆ, ಜ್ವರ ಬಂದರೆ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲಿ. 103 ದಾಟಿದರೆ ಜ್ವರ ಅಂದುಕೊಳ್ಳಿ. ಮತ್ತೆ ತುಟಿ ಎತ್ತಿ ವಸಡು ನೋಡುವುದನ್ನು ಕಲಿಯಿರಿ. ಗುಲಾಬಿ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬಿಳುಚಿಕೊಂಡು ನಾಯಿ ತೂಕಡಿಸುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿರಬಹುದು, ಆಗ ರಾತ್ರಿ ಎರಡು ಗಂಟೆಯಾದರೂ ಗಾಡಿ ತೆಗೆಯಿರಿ.

ಪ್ರಶ್ನೆ: ನಮ್ಮದು ಲ್ಯಾಬ್ರಡಾರ್, ಎಂಟು ವರ್ಷ, 38 ಕೆ.ಜಿ. ಮುಂಗಾಲಿನ ಮೂಳೆಯಲ್ಲಿ ಕ್ಯಾನ್ಸರ್ ಎಂದು ಭುಜದಿಂದಲೇ ತೆಗೆದರು. ಮೂರು ವಾರ ಆಯಿತು, ಹೊಲಿಗೆ ಬಿಚ್ಚಿದ್ದಾರೆ. ನಾವಿರುವುದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಹತ್ತು ಹೆಜ್ಜೆ ಕುಪ್ಪಳಿಸಿ ಕೂತುಬಿಡುತ್ತಾಳೆ. ಇಷ್ಟು ವಯಸ್ಸಿಗೆ ಕಾಲು ತೆಗೆಸಿ ತಪ್ಪು ಮಾಡಿದೆವಾ? ಎಷ್ಟು ದಿನ ಇರುತ್ತಾಳೆ? ನೇರವಾಗಿ ಹೇಳಿ. — ಬೆಂಗಳೂರು

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಾಯಿ ತನ್ನ ತೂಕದಲ್ಲಿ ಸುಮಾರು 60 ಭಾಗವನ್ನು ಮುಂಗಾಲುಗಳ ಮೇಲೆ ಹೊರುತ್ತದೆ, 40 ಭಾಗ ಹಿಂದೆ. ಅದಕ್ಕೇ ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿ ಕಲಿಯುವುದು ಸ್ವಲ್ಪ ನಿಧಾನ. ಎರಡು ಕಾಲಿನ ಕೆಲಸ ಈಗ ಒಂದು ಮಣಿಕಟ್ಟಿನ ಮೇಲೆ ಬಿದ್ದಿದೆ, ಅದೂ 38 ಕೆ.ಜಿ. ಹತ್ತು ಹೆಜ್ಜೆಗೆ ಕೂತರೆ ಅದು ಸೋಮಾರಿತನ ಅಲ್ಲ. ಕೂರಲಿ ಬಿಡಿ, ಎರಡು ನಿಮಿಷ ಬಿಟ್ಟು ಇನ್ನು ಹತ್ತು ಹೆಜ್ಜೆ. ದಿನಕ್ಕೆ ಒಂದು ದೊಡ್ಡ ವಾಕಿಂಗ್ ಬದಲು ಐದೈದು ನಿಮಿಷದ ನಾಲ್ಕು ಸುತ್ತು. ಇನ್ನೊಂದು ವಿಚಿತ್ರ ನೋಡಿ, ಮೂರು ಕಾಲಿನ ನಾಯಿಗೆ ತೀರಾ ನಿಧಾನವಾಗಿ ನಡೆಯುವುದೇ ಕಷ್ಟ, ಸೈಕಲ್ ನಿಧಾನವಾಗಿ ತುಳಿದರೆ ಓಲಾಡುವ ಹಾಗೆ. ಹಾಗಾಗಿ ಬೆಲ್ಟ್ ಹಿಡಿದು ಎಳೆದು ಎಳೆದು ತಡೆಯಬೇಡಿ, ಅವಳ ವೇಗಕ್ಕೆ ನೀವು ಹೆಜ್ಜೆ ಹಾಕಿ. ಕುತ್ತಿಗೆ ಬೆಲ್ಟ್ ಬಿಟ್ಟು, ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ ತಗೊಳ್ಳಿ. ತೆಗೆದಿರುವ ಭುಜದ ಕಡೆ ಉಜ್ಜದ ಹಾಗೆ ಮೆತ್ತನೆ ಬಟ್ಟೆ ಇಡಿ.

ಮೆಟ್ಟಿಲು ಇಳಿಯುವುದು ಅವಳಿಗೆ ಹತ್ತುವುದಕ್ಕಿಂತ ಅಪಾಯ, ಇಳಿಯುವಾಗ ಮೈಯೆಲ್ಲ ಮುಂದಕ್ಕೆ ಬೀಳುತ್ತದೆ. ಲಿಫ್ಟ್ ಇದೆಯಲ್ಲ, ಅದನ್ನೇ ಬಳಸಿ. ಕಾರಿನಿಂದ ಹಾರಲು ಬಿಡಲೇಬೇಡಿ. ಊಟದ, ನೀರಿನ ಪಾತ್ರೆ ಎದೆಯ ಮಟ್ಟಕ್ಕೆ ಎತ್ತರಿಸಿ, ತಲೆ ಬಗ್ಗಿಸಿದಷ್ಟೂ ಆ ಒಂದು ಕಾಲಿಗೇ ಭಾರ. ಅಪಾರ್ಟ್‌ಮೆಂಟಿನ ಕಾರಿಡಾರ್ ಗ್ರಾನೈಟ್ ಬಗ್ಗೆ ಮೇಲಿನ ಪತ್ರಕ್ಕೆ ಬರೆದದ್ದನ್ನೇ ಓದಿಕೊಳ್ಳಿ, ಯೋಗ ಮ್ಯಾಟ್ ಕತ್ತರಿಸಿ ಹಾಸಿದರೂ ನಡೆಯುತ್ತದೆ.

ಹೊಲಿಗೆ ಬಿಚ್ಚಿಯಾಗಿದೆಯಲ್ಲ, ಇನ್ನು ತೂಕ ಇಳಿಸಿ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಹಿಂಗೈಯ ಮೂಳೆ ಸವರಿ ನೋಡಿ. ನಾಯಿಯ ಪಕ್ಕೆಲುಬು ಬೆರಳಿಗೆ ಹಾಗೆ ಸಿಗಬೇಕು. ಅಂಗೈ ಸವರಿದಂತೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿ. ಮುಷ್ಟಿ ಹಿಡಿದಾಗಿನ ಗೆಣ್ಣಿನಂತೆ ಎದ್ದು ಕಂಡರೆ ಬಡಕಲು. ಲ್ಯಾಬ್ರಡಾರ್ ಸಾಕಿದವರ ಮನೆಯಲ್ಲಿ ಊಟ ಹಾಕುವವರು ಒಬ್ಬರಲ್ಲ. ಅಜ್ಜಿ ಒಂದು ಚಪಾತಿ, ಮಗು ಎರಡು ಬಿಸ್ಕತ್ತು, ವಾಚ್‌ಮನ್ ಒಂದು ಬನ್. ಈಗ ಕಾಲು ಹೋಗಿದೆ ಅಂತ ಎಲ್ಲರೂ ಇನ್ನೊಂದೊಂದು ಸೇರಿಸಿರುತ್ತಾರೆ, ಬೇಕಾದರೆ ವಿಚಾರಿಸಿ. ಒಂದೇ ಅಳತೆ ಲೋಟ, ಹಾಕುವವರು ಒಬ್ಬರೇ. ಬಾಯಿ ಚಪಲಕ್ಕೆ ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಬೀನ್ಸ್. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವ ಕಾಲಕ್ಕೂ ಬೇಡ.

ಎಷ್ಟು ದಿನ ಎಂದರೆ, ಮೂಳೆಯಲ್ಲೇ ಹುಟ್ಟುವ ಈ ಕ್ಯಾನ್ಸರ್, ಆಸ್ಟಿಯೋಸಾರ್ಕೋಮಾ, ದೊಡ್ಡ ಜಾತಿಯ ನಾಯಿಗಳಲ್ಲಿ ಹೆಚ್ಚು. ಕಣ್ಣಿಗೆ ಕಾಣುವ ಹೊತ್ತಿಗೆ ಅದರ ಕಣಗಳು ಶ್ವಾಸಕೋಶದ ದಾರಿ ಹಿಡಿದಿರುತ್ತವೆ. ಕಾಲು ತೆಗೆದು ಬೇರೇನೂ ಮಾಡದಿದ್ದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು. ಜೊತೆಗೆ ಕಾರ್ಬೊಪ್ಲಾಟಿನ್ ಥರದ ಕೀಮೋ ಕೊಡಿಸಿದರೆ ಹತ್ತು ಹನ್ನೆರಡು ತಿಂಗಳು. ಇದಕ್ಕಿಂತ ಬೇಗ ಹೋದವೂ ಇವೆ, ವರ್ಷಗಟ್ಟಲೆ ಇದ್ದವೂ ಇವೆ. ಮನುಷ್ಯರ ಕೀಮೋ ನೆನೆದು ಹೆದರಬೇಡಿ, ನಾಯಿಗೆ ಕೊಡುವ ಪ್ರಮಾಣ ಕಡಿಮೆ, ಬಹಳ ನಾಯಿಗಳು ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಕೊಡಿಸುವುದು ಬಿಡುವುದು ನಿಮ್ಮ ಕೈಗೂ ಜೇಬಿಗೂ ಬಿಟ್ಟದ್ದು, ಆದರೆ ಕೇಳುವುದಾದರೆ ಈಗಲೇ ಕೇಳಿ, ತಡಮಾಡಿದರೆ ಅದರ ಉಪಯೋಗ ಕಡಿಮೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ಹತ್ತಿರ, ಅಲ್ಲೂ ಒಂದು ಅಭಿಪ್ರಾಯ ಪಡೆಯಬಹುದು. ಎರಡು ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಮಾಡಿಸಿ.

ತಪ್ಪು ಮಾಡಿದಿರಾ? ನನ್ನ ಪ್ರಕಾರ ಇಲ್ಲ. ಮೂಳೆಯ ಕ್ಯಾನ್ಸರ್ ನೋವಿಗೆ ಕೊನೆ ಕೊನೆಗೆ ಯಾವ ಮಾತ್ರೆಯೂ ನಿಲ್ಲುವುದಿಲ್ಲ. ಆ ಮೂಳೆ ಒಂದು ದಿನ ಸುಮ್ನೆ ತಿರುಗಿದಾಗಲೇ ಮುರಿಯುತ್ತದೆ, ಮುರಿದರೆ ಕೂಡುವುದಿಲ್ಲ. ಐದು ತಿಂಗಳೇ ಇರಲಿ, ಆ ನೋವಿಲ್ಲದ ಐದು ತಿಂಗಳು ಬೇರೆ, ಇದ್ದ ಐದು ತಿಂಗಳು ಬೇರೆ.

ಪ್ರಶ್ನೆ: ಆಪರೇಷನ್ ಆಗಿ ಒಂದೂವರೆ ತಿಂಗಳು. ಗಾಯ ಪೂರ್ತಿ ಮಾಗಿದೆ. ಆದರೂ ರಾತ್ರಿ ಮಲಗಿದ್ದವಳು ಇದ್ದಕ್ಕಿದ್ದ ಹಾಗೆ ಕುಂಯ್ ಎಂದು ಚೀರಿ ಎದ್ದು, ಇಲ್ಲದ ಕಾಲಿನ ಕಡೆ ತಿರುಗಿ ನೋಡುತ್ತಾಳೆ. ಮನೆಯಲ್ಲಿ ದೃಷ್ಟಿ ಅನ್ನುತ್ತಾರೆ. — ಮೈಸೂರು

ಉತ್ತರ: ದೃಷ್ಟಿ ಬೇಕಾದರೆ ತೆಗೆಯಿರಿ, ಅದರಿಂದ ನಾಯಿಗೆ ನಷ್ಟವಿಲ್ಲ. ಜೊತೆಗೆ ಇದನ್ನೂ ಮಾಡಿ. ಹಾಗೆ ಚೀರುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿ. ಆಸ್ಪತ್ರೆಯ ಮೇಜಿನ ಮೇಲೆ ನಿಂತಾಗ ನಾಯಿ ಒಳ್ಳೆಯ ಹುಡುಗಿಯ ಹಾಗೆ ನಿಂತಿರುತ್ತದೆ, ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಕಾಲು ಹೋದರೂ ಅಲ್ಲಿಗೆ ಹೋಗುತ್ತಿದ್ದ ನರದ ಬುಡ ಒಳಗೇ ಇದೆ. ಅದು ಆಗಾಗ ಸುಳ್ಳು ಸುದ್ದಿ ಕಳಿಸುತ್ತದೆ, ಮಿದುಳು ಕಾಲು ನೋಯುತ್ತಿದೆ ಅಂದುಕೊಳ್ಳುತ್ತದೆ. ಕಾಲು ಕಳೆದುಕೊಂಡ ಮನುಷ್ಯರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ನಾಯಿ ತಿರುಗಿ ನೋಡುತ್ತದೆ, ಚೀರುತ್ತದೆ, ಕೆಲವು ಸಲ ಆ ಜಾಗವನ್ನು ಕಚ್ಚಲು ಹೋಗುತ್ತದೆ. ಆಪರೇಷನ್‌ಗೆ ಮುಂಚೆ ಬಹಳ ದಿನ ನೋವು ತಿಂದ ನಾಯಿಗಳಲ್ಲಿ ಇದು ಹೆಚ್ಚು.

ಇಂಥ ನೋವಿಗೆ ಗ್ಯಾಬಾಪೆಂಟಿನ್ ಎಂಬ ಔಷಧಿ ಇದೆ, ನಿಮ್ಮ ಡಾಕ್ಟರು ತೂಕ ನೋಡಿ ಬರೆದುಕೊಡುತ್ತಾರೆ. ಅದು ಕೊಟ್ಟ ಮೊದಲೆರಡು ದಿನ ನಾಯಿ ತೂಕಡಿಸಿ ಓಲಾಡಬಹುದು. ನಿಲ್ಲಿಸುವಾಗ ಒಂದೇ ಸಲಕ್ಕೆ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಮನುಷ್ಯರ ಗ್ಯಾಬಾಪೆಂಟಿನ್ ಸಿರಪ್ ತಂದು ಕೊಡಬೇಡಿ, ಕೆಲವದರಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ, ಅದು ನಾಯಿಗೆ ವಿಷ. ಚೀರಿದಾಗ ನೀವೆಲ್ಲ ಲೈಟ್ ಹಾಕಿ ಓಡಿಬಂದು ಸುತ್ತ ನಿಲ್ಲಬೇಡಿ. ಪಕ್ಕದಲ್ಲಿ ಕೂತು ನಿಧಾನಕ್ಕೆ ಬೆನ್ನು ಸವರಿ. ಬಹಳಷ್ಟು ನಾಯಿಗಳಲ್ಲಿ ದಿನ ಕಳೆದಂತೆ ಇದು ಕಡಿಮೆಯಾಗುತ್ತದೆ.

ಪ್ರಶ್ನೆ: ನಾಯಿಗೆ ಕೃತಕ ಕಾಲು ಹಾಕಿಸಬಹುದಾ? — ದಾವಣಗೆರೆ

ಉತ್ತರ: ನಿಮ್ಮ ನಾಯಿಗೆ ಈಗ ಆಗುವುದಿಲ್ಲ. ಕಾಲನ್ನು ತೊಡೆಯ ಮೇಲ್ಭಾಗದಿಂದಲೋ ಭುಜದಿಂದಲೋ ತೆಗೆಯುತ್ತಾರೆ, ಕೃತಕ ಕಾಲು ಕೂರಿಸಲು ಕೆಳಗೆ ಏನೂ ಉಳಿದಿರುವುದಿಲ್ಲ. ಅಷ್ಟು ಮೇಲಕ್ಕೆ ಯಾಕೆ ತೆಗೆದರು ಅಂತ ಕೋಪ ಬೇಡ. ಕೆಳಗೆ ಮೋಟು ಬಿಟ್ಟರೆ ನಾಯಿ ಅದನ್ನೇ ನೆಲಕ್ಕೆ ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದೆ. ಕೃತಕ ಕಾಲಿನ ಆಸೆ ಇದ್ದರೆ ಆಪರೇಷನ್‌ಗೆ ಮುಂಚೆಯೇ ಮಾತಾಡಬೇಕಿತ್ತು. ಚಕ್ರದ ಗಾಡಿ ಎರಡು ಹಿಂಗಾಲೂ ಹೋದವಕ್ಕೆ. ನಿಮ್ಮವನಿಗೆ ಎರಡೂ ಬೇಡ.

ಪ್ರಶ್ನೆ: ನಮ್ಮ ಬೀದಿ ನಾಯಿಗೆ ಆಟೋ ಹಾಯ್ದು ಮುಂಗಾಲು ತೆಗೆಯಬೇಕಾಯಿತು. ಬೀದಿಯವರೇ ದುಡ್ಡು ಹಾಕಿ ಮಾಡಿಸಿದೆವು. ಈಗ ನಮ್ಮ ಗ್ಯಾರೇಜಿನಲ್ಲಿದೆ. ಯಾವಾಗ ಬಿಡಬಹುದು? — ಮಂಗಳೂರು

ಉತ್ತರ: ಬೀದಿಯವರಿಗೆಲ್ಲ ನನ್ನದೊಂದು ಸಲಾಂ. ಹೊಲಿಗೆ ಬಿಚ್ಚಿದ ದಿನವೇ ಬಿಡಬೇಡಿ, ಇನ್ನೂ ಎರಡು ಮೂರು ವಾರ ಇಟ್ಟುಕೊಳ್ಳಿ. ಮೇಲೆ ಚರ್ಮ ಕೂಡಿದ್ದರೂ ಒಳಗೆ ಗಟ್ಟಿಯಾಗಿರುವುದಿಲ್ಲ, ಅವನ ಒಂಟಿ ಮುಂಗಾಲಿಗೂ ಶಕ್ತಿ ಬಂದಿರುವುದಿಲ್ಲ. ಬಿಡುವ ಮೊದಲು ಬೆಳಗಿನ ಜಾವ, ಗಾಡಿ ಇಲ್ಲದ ಹೊತ್ತಲ್ಲಿ ಹಗ್ಗ ಕಟ್ಟಿಕೊಂಡು ಅದೇ ಬೀದಿಯಲ್ಲಿ ತಿರುಗಿಸಿ. ಇಷ್ಟು ದಿನ ಕಾಣದಿದ್ದವನನ್ನು ಉಳಿದ ನಾಯಿಗಳು ಮತ್ತೆ ಮೂಸಿ ಒಪ್ಪಿಕೊಳ್ಳಬೇಕು. ಹೊಡೆದು ಓಡಿಸಲು ಬಂದರೆ ಅವನು ಮೊದಲಿನ ಹಾಗೆ ತಪ್ಪಿಸಿಕೊಳ್ಳಲಾರ. ಬಿಟ್ಟರೆ ಅವನದೇ ಬೀದಿಗೆ ಬಿಡಿ, ಹೊಸ ಜಾಗಕ್ಕಂತೂ ಬೇಡ. ರೇಬೀಸ್ ಲಸಿಕೆ, ಸಂತಾನಹರಣ ಆಗದಿದ್ದರೆ ಕೈಯಲ್ಲಿರುವಾಗಲೇ ಮಾಡಿಸಿಬಿಡಿ. ಅದಿರಲಿ, ಒಂದು ತಿಂಗಳು ಗ್ಯಾರೇಜಿನಲ್ಲಿದ್ದು ನಿಮ್ಮ ಕೈಯಿಂದ ಉಂಡವನು ಬಿಟ್ಟರೂ ಹೋಗುತ್ತಾನೆ ಅಂತ ನಿಮಗೆ ಅನ್ನಿಸುತ್ತದೆಯಾ? ನನಗಿಲ್ಲ.

ಪ್ರಶ್ನೆ: ನಮ್ಮ ಟಾಮಿಯ ಬಲ ಹಿಂಗಾಲು ತೆಗೆದು ಐದು ತಿಂಗಳು. ಆರಾಮಾಗಿ ಓಡಾಡುತ್ತಾನೆ. ಆದರೆ ಈಗ ಕಾಲೆತ್ತದೆ ಹೆಣ್ಣು ನಾಯಿಯ ಹಾಗೆ ಕೂತು ಉಚ್ಚೆ ಹೊಯ್ಯುತ್ತಾನೆ, ಹುಡುಗರು ನಗುತ್ತಾರೆ. ಮತ್ತೆ ಬಲಗಿವಿಯಲ್ಲಿ ಮಾತ್ರ ಉಣ್ಣಿ ತುಂಬಿಕೊಳ್ಳುತ್ತವೆ, ಎಡಗಿವಿ ಚೊಕ್ಕ. ಯಾಕೆ ಹೀಗೆ? — ತುಮಕೂರು

ಉತ್ತರ: ಹುಡುಗರು ನಗಲಿ, ಟಾಮಿಗೇನೂ ಬೇಜಾರಿಲ್ಲ. ಕೆಲವು ಗಂಡು ನಾಯಿಗಳು ಸ್ವಲ್ಪ ದಿನಕ್ಕೆ ಮೋಟು ತೊಡೆಯನ್ನೇ ಗಂಭೀರವಾಗಿ ಎತ್ತಿ ಕಂಬಕ್ಕೆ ಹೊಯ್ಯುತ್ತವೆ, ಇನ್ನು ಕೆಲವು ಮುಂಗಾಲುಗಳ ಮೇಲೇ ನಿಂತು ಸರ್ಕಸ್ ಮಾಡುತ್ತವೆ. ಕೂತರೂ ಸರಿಯೇ. ಹೊಟ್ಟೆಗೆ ಸಿಡಿದಿದ್ದರೆ ಒರೆಸಿ.

ಉಣ್ಣಿಯ ವಿಷಯ ನೀವು ಗಮನಿಸಿದ್ದು ನನಗೆ ಬಹಳ ಖುಷಿಯಾಯಿತು, ಹೆಚ್ಚಿನವರು ಗಮನಿಸುವುದಿಲ್ಲ. ನಾಯಿ ಬಲಗಿವಿ ತುರಿಸಿಕೊಳ್ಳುವುದು ಬಲ ಹಿಂಗಾಲಿನಿಂದ. ಅದೇ ಇಲ್ಲ. ಕುತ್ತಿಗೆಯ ಬಲಭಾಗ, ಕಿವಿಯ ಹಿಂದೆ, ಕಂಕುಳು, ಇಷ್ಟು ಜಾಗ ಅವನಿಗೆ ಯಾವ ಕಾಲಿನಿಂದಲೂ ಸಿಗುವುದಿಲ್ಲ. ಉಣ್ಣಿಗೆ ಅದು ಹಾಯಾದ ಮನೆ. ದಿನಾ ಸಂಜೆ ಅಷ್ಟು ಜಾಗವನ್ನು ಬೆರಳಾಡಿಸಿ ನೋಡಿ, ಕಿವಿಯ ಒಳಮಡಿಕೆಯನ್ನೂ ಬಿಡಬೇಡಿ. ಉಣ್ಣಿಯಿಂದ ಬರುವ ಜ್ವರ ನಮ್ಮ ಕಡೆ ಸಾಮಾನ್ಯ, ಡಾಕ್ಟರನ್ನು ಕೇಳಿ ಉಣ್ಣಿಯ ಮಾತ್ರೆಯನ್ನೋ ಬೆನ್ನಿಗೆ ಹಾಕುವ ಔಷಧಿಯನ್ನೋ ತಪ್ಪದೆ ಹಾಕಿಸಿ. ಮತ್ತೆ, ಚೆನ್ನಾಗಿ ತುರಿಸಿಕೊಡಿ. ಉಣ್ಣಿ ಇರಲಿ ಇಲ್ಲದಿರಲಿ.

ಗುಂಡನದ್ದೂ ಬಲಗಾಲೇ ಹೋಗಿದ್ದು. ಬಲಗಿವಿ ತುರಿಸಿದರೆ ಉಳಿದಿದ್ದ ಆ ತೊಡೆಯ ತುಂಡು ಪಟಪಟ ಅಲುಗುತ್ತಿತ್ತು, ಪಾದ ಇನ್ನೂ ಅಲ್ಲೇ ಇದೆ, ತಾನೇ ತುರಿಸಿಕೊಳ್ಳುತ್ತಿದ್ದೇನೆ ಅನ್ನುವ ಹಾಗೆ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿದ್ದ. ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರ್ ಹರಡಿದ ಕೂಡಲೇ ಬಂದು ಅದರ ಮೇಲೇ ಕೂರುತ್ತಿದ್ದ, ಬಲಗಡೆ ನನ್ನ ಕಡೆಗಿರುವ ಹಾಗೆ ತಿರುಗಿಕೊಂಡು.